ಎಚ್ಚರದ ಬದುಕು, ಬೆಳಗಿನ ಪ್ರಾರ್ಥನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಬೇಕು ಅನ್ನೋದು ಕ್ರೈಸ್ತ ಮನೆಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಎಚ್ಚರವಾಗಿರಿ ಎಂಬ ಯೇಸುವಿನ ಮಾತನ್ನೂ ಎಷ್ಟೋ ಸಲ ಕೇಳಿದ್ದೇವೆ. ಎರಡಕ್ಕೂ ಏನು ಸಂಬಂಧ ಅಂತ ಮಾತ್ರ ಯಾರೂ ಜಾಸ್ತಿ ಹೇಳಿಕೊಡುವುದಿಲ್ಲ. ಪ್ರಾರ್ಥನಾಕೂಟದಲ್ಲಿ, ಯುವಜನರ ಶಿಬಿರದಲ್ಲಿ, ಭಾನುವಾರ ಆರಾಧನೆ ಮುಗಿದು ಅಂಗಳದಲ್ಲಿ ನಿಂತಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕ್ಯಾಥೊಲಿಕರಾಗಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಾಗಲಿ, ಬೇರೆ ಸಭೆಯವರಾಗಲಿ, ಎಲ್ಲರಿಗೂ ಸಲ್ಲುವ ಮಾತುಗಳನ್ನೇ ಆರಿಸಿಕೊಂಡಿದ್ದೇನೆ.

ಯೇಸು "ಎಚ್ಚರವಾಗಿರಿ" ಅಂದದ್ದು ಯಾವ ಅರ್ಥದಲ್ಲಿ? ನಿದ್ದೆ ಬಿಡಬೇಕು ಅಂತಾನಾ?

ಯೇಸುವನ್ನು ಹಿಡಿದುಕೊಟ್ಟ ರಾತ್ರಿ, ಗೆತ್ಸೇಮನೆ ತೋಟದಲ್ಲಿ, ಅದು ನಿಜವಾಗಿಯೂ ನಿದ್ದೆಯ ವಿಷಯವೇ ಆಗಿತ್ತು. ಪಸ್ಕ ಹಬ್ಬದ ಊಟ ಮುಗಿದು ಹೊತ್ತಾಗಿತ್ತು. ಯೇಸು ಪೇತ್ರ, ಯಾಕೋಬ, ಯೋಹಾನ ಮೂವರನ್ನು ಹತ್ತಿರ ಇಟ್ಟುಕೊಂಡರು. ಸ್ವಲ್ಪ ಮುಂದೆ ಹೋಗಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದರು. ವಾಪಸ್ ಬಂದು ನೋಡಿದರೆ ಮೂವರೂ ಮಲಗಿದ್ದಾರೆ. ಒಂದು ಗಂಟೆಯಾದರೂ ಎಚ್ಚರವಾಗಿರಲು ಆಗಲಿಲ್ಲವೇ ಎಂದು ಪೇತ್ರನನ್ನು ಕೇಳಿದರು. ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸಿ, ಮನಸ್ಸು ಸಿದ್ಧವಿದೆ, ದೇಹಕ್ಕೆ ಬಲ ಸಾಲದು ಎಂದು ಹೇಳಿದ್ದು ಆಗಲೇ. ಮತ್ತಾಯ 26:41ರಲ್ಲಿ ಇದೆ.

ಶಿಷ್ಯರು ದುಃಖದಿಂದ ನಿದ್ದೆಹೋಗಿದ್ದರು ಎಂದು ಲೂಕನು ಬರೆಯುತ್ತಾನೆ. ಅಂದರೆ ಅವರಿಗೆ ಯೇಸುವಿನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಸಮಸ್ಯೆ ಬೇರೆ ಕಡೆ ಇತ್ತು. ಈ ರಾತ್ರಿಯೇ ನೀನು ನನ್ನನ್ನು ಅರಿಯೆನೆಂದು ಹೇಳುತ್ತೀ ಎಂದು ಯೇಸು ಪೇತ್ರನಿಗೆ ಆಗಲೇ ಹೇಳಿಬಿಟ್ಟಿದ್ದರು. ಬೀಳುವ ಜಾಗ ಯಾವುದು ಅಂತ ಅವನಿಗೆ ಗೊತ್ತಾಗಿತ್ತು. ಆದರೂ ಆ ಮಾತನ್ನು ಅವನು ತಳ್ಳಿಹಾಕಿದ. ಅದರ ಬಗ್ಗೆ ಪ್ರಾರ್ಥಿಸಲಿಲ್ಲ.

ನನ್ನ ತಿಳುವಳಿಕೆಯಲ್ಲಿ ಎಚ್ಚರ ಅಂದರೆ ಇಷ್ಟೇ: ಇವತ್ತು ನಾನು ಎಲ್ಲಿ ಎಡವಬಹುದು ಎಂದು ನೋಡಿಕೊಳ್ಳುವುದು, ಆ ಜಾಗವನ್ನು ಅಲ್ಲಿಗೆ ಹೋಗುವ ಮೊದಲೇ ದೇವರ ಮುಂದೆ ಇಡುವುದು. ಅದಕ್ಕೇ ಅದು ಬೆಳಗಿನ ಪ್ರಾರ್ಥನೆಗೆ ಅಂಟಿಕೊಂಡಿದೆ. ಈ ಪುಟದ ಉಳಿದ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

ಎಚ್ಚರ ಅಂದರೆ ಕ್ರಿಸ್ತನ ಎರಡನೇ ಬರೋಣಕ್ಕೆ ಕಾಯುವುದು ಅಂತ ನಮ್ಮ ಪಾಸ್ಟರ್ ಹೇಳುತ್ತಾರೆ. ಅದು ಬೇರೆಯೇ?

ಬೇರೆ ಅಲ್ಲ. ಮಾರ್ಕ 13ರ ಕೊನೆಯಲ್ಲಿ ಮನೆಯ ಯಜಮಾನ ಪರದೇಶಕ್ಕೆ ಹೋಗುವ ಸಾಮ್ಯ ಇದೆ. ಆಳುಗಳಿಗೆಲ್ಲ ಅವರವರ ಕೆಲಸ ಕೊಡುತ್ತಾನೆ, ಬಾಗಿಲು ಕಾಯುವವನಿಗೆ ಎಚ್ಚರವಾಗಿರು ಅನ್ನುತ್ತಾನೆ. ಯಜಮಾನ ಬರುವುದು ಸಂಜೆಗೋ, ನಡುರಾತ್ರಿಗೋ, ಕೋಳಿ ಕೂಗುವ ಹೊತ್ತಿಗೋ, ಬೆಳಗಿಗೋ ಗೊತ್ತಿಲ್ಲ. ಈ ನಾಲ್ಕು ಹೊತ್ತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಎರಡು ಅಧ್ಯಾಯ ಓದಿ ನೋಡಿ. ಸಂಜೆ ಕಡೆಯ ಭೋಜನ. ರಾತ್ರಿ ಗೆತ್ಸೇಮನೆ. ಕೋಳಿ ಕೂಗುವ ಹೊತ್ತಿಗೆ ಪೇತ್ರನ ಅಲ್ಲಗಳೆಯುವಿಕೆ. ಬೆಳಗಾದ ಕೂಡಲೇ ಯೇಸುವನ್ನು ರೋಮನ್ ಅಧಿಪತಿ ಪಿಲಾತನಿಗೆ ಒಪ್ಪಿಸುತ್ತಾರೆ. ಕಡೆಯ ದಿನದ ಬಗ್ಗೆ ಹೇಳಿದ ಎಚ್ಚರವೇ ಆ ಒಂದು ರಾತ್ರಿಯ ಪ್ರತಿ ಜಾವಕ್ಕೂ ಬೇಕಾಗಿತ್ತು. ನಮಗೂ ಹಾಗೆಯೇ.

ಪ್ರಾರ್ಥನೆಗೆ ಬೆಳಿಗ್ಗೆಯೇ ಯಾಕೆ?

ಮಾರ್ಕ 1:35 ಎಲ್ಲರಿಗೂ ಗೊತ್ತು. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು. ಆದರೆ ಅದಕ್ಕೆ ಮೂರು ವಚನ ಹಿಂದಕ್ಕೆ ಹೋಗಿ ಓದಬೇಕು. ಹಿಂದಿನ ದಿನ ಸಬ್ಬತ್ತು, ಯೆಹೂದ್ಯರ ವಿಶ್ರಾಂತಿ ದಿನ. ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಕರೆದುಕೊಂಡು ಬಾಗಿಲಿಗೆ ಬಂದಿತ್ತು. ಅಷ್ಟು ದಣಿದ ರಾತ್ರಿಯ ಮರುದಿನ ಅವರು ಬೇಗ ಎದ್ದದ್ದು.

ಎದ್ದದ್ದಕ್ಕೆ ಏನಾಯಿತು ಅನ್ನೋದು ಮುಂದಿನ ವಚನಗಳಲ್ಲಿದೆ. ಸೀಮೋನನೂ (ಅಂದರೆ ಪೇತ್ರನೂ) ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಅಂದರು. ಹೊಗಳಿಕೆ ಕಾದಿತ್ತು, ಜನ ಕಾದಿದ್ದರು, ಕಪೆರ್ನೌಮಿನಲ್ಲೇ ಉಳಿದಿದ್ದರೆ ಸುಖವಾಗಿತ್ತು. ಯೇಸು, ಪಕ್ಕದ ಊರುಗಳಿಗೆ ಹೋಗೋಣ, ಅಲ್ಲಿಯೂ ಸಾರಬೇಕು, ಅದಕ್ಕೇ ನಾನು ಬಂದದ್ದು ಅಂದುಬಿಟ್ಟರು. ಯಾವುದಕ್ಕೆ ಬಂದಿದ್ದೇನೆ ಅನ್ನೋದು ಅವರಿಗೆ ಬೆಳಗಿನಿಂದಲೇ ಸ್ಪಷ್ಟವಾಗಿತ್ತು. ಹಾಗಾಗಿ ಜನರ ಒತ್ತಾಯ ಅವರನ್ನು ಎಳೆಯಲಿಲ್ಲ.

ನಮ್ಮ ದಿನವೂ ಹೀಗೇ ಅಲ್ವಾ? ಯಾರೋ ಬಂದು "ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ" ಅನ್ನುವ ಮೊದಲು ಒಂದು ಸಲ ದೇವರ ಮುಂದೆ ಕೂತಿದ್ದರೆ ಒಳ್ಳೆಯದು. ಕೀರ್ತನೆ 5:3 ಓದಿ. ಬೆಳಿಗ್ಗೆ ಪ್ರಾರ್ಥನೆಯನ್ನು ದೇವರ ಮುಂದೆ ಇಟ್ಟು ಕೀರ್ತನೆಗಾರ ಅಲ್ಲಿಂದ ಎದ್ದು ಹೋಗುವುದಿಲ್ಲ, ಉತ್ತರಕ್ಕಾಗಿ ಕಾದುಕೊಂಡಿರುತ್ತಾನೆ.

ಬ್ರಾಹ್ಮೀ ಮುಹೂರ್ತದಲ್ಲಿ ಮಾಡಿದ ಪ್ರಾರ್ಥನೆಗೆ ಶಕ್ತಿ ಜಾಸ್ತಿ ಅಂತಾರಲ್ಲ?

ಕ್ರೈಸ್ತ ನಂಬಿಕೆಯಲ್ಲಿ ಯಾವ ಗಳಿಗೆಗೂ ಸ್ವಂತ ಪುಣ್ಯ ಇಲ್ಲ. ನಾಲ್ಕು ಗಂಟೆಗೆ ಎದ್ದವರ ಮಾತು ದೇವರಿಗೆ ಬೇಗ ಕೇಳುತ್ತದೆ, ಏಳಕ್ಕೆ ಎದ್ದವರದ್ದು ತಡವಾಗಿ ಕೇಳುತ್ತದೆ ಅನ್ನುವುದೂ ಇಲ್ಲ. ಬೆಳಗಿನ ಹೊತ್ತು ನಮಗೆ ಅನುಕೂಲ, ಅಷ್ಟೇ.

ನನಗೆ ನೈಟ್ ಶಿಫ್ಟ್. ಬೆಳಿಗ್ಗೆ ಮನೆಗೆ ಬಂದು ಮಲಗುತ್ತೇನೆ. ನಾನೇನು ಮಾಡಲಿ?

ಈ ಪ್ರಶ್ನೆ ಕೇಳುವವರಲ್ಲಿ ನರ್ಸ್‌ಗಳೇ ಹೆಚ್ಚು. ಆಮೇಲೆ ಬೆಂಗಳೂರಿನ ಐಟಿ, ಕಾಲ್ ಸೆಂಟರ್ ಹುಡುಗ ಹುಡುಗಿಯರು. ನಿಮ್ಮ ದಿನ ಶುರುವಾಗುವುದು ಯಾವಾಗ? ಸಂಜೆ ಐದಕ್ಕೆ ಎದ್ದು ಹೊರಡುವಿರಾದರೆ ಅದೇ ನಿಮ್ಮ ಬೆಳಗು. ಯೇಸು ಜನರನ್ನು ಕಳುಹಿಸಿ ಸಂಜೆ ಒಬ್ಬರೇ ಬೆಟ್ಟ ಹತ್ತಿ ಪ್ರಾರ್ಥಿಸಿದ್ದೂ ಉಂಟು. ಹನ್ನೆರಡು ಮಂದಿಯನ್ನು ಆರಿಸುವ ಮೊದಲು ರಾತ್ರಿಯಿಡೀ ಪ್ರಾರ್ಥಿಸಿದ್ದೂ ಉಂಟು.

ನಿಮಗೆಂದೇ ಬರೆದಂತಿರುವ ಒಂದು ಕೀರ್ತನೆ ಇದೆ, 134ನೆಯದು. ಬರೀ ಮೂರು ವಚನ. ರಾತ್ರಿ ಹೊತ್ತು ಕರ್ತನ ಆಲಯದಲ್ಲಿ ನಿಂತು ಸೇವೆ ಮಾಡುವವರನ್ನು ಕುರಿತದ್ದು. ವಾರ್ಡಿಗೆ ಹೋಗುವ ಮೊದಲು ಯೂನಿಫಾರ್ಮ್ ಹಾಕಿಕೊಳ್ಳುವಾಗ ಹೇಳಿಕೊಳ್ಳುವಷ್ಟು ಚಿಕ್ಕದು.

ಸರಿ, ಕೂತುಕೊಂಡೆ. ಹದಿನೈದು ನಿಮಿಷ ಇದೆ. ಏನು ಮಾಡಬೇಕು?

ಇದೇ ನಿಜವಾದ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಜಿನೀವಾದ ಬಿಷಪ್ ಆಗಿದ್ದ ಸಂತ ಫ್ರಾನ್ಸಿಸ್ ಡಿ ಸೇಲ್ಸ್ 1609ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬೆಳಗಿನ ಪ್ರಾರ್ಥನೆಗೆ ಒಂದು ಕ್ರಮ ಹೇಳಿಕೊಡುತ್ತಾರೆ. ಅದನ್ನು ಅವರು ಬರೆದದ್ದು ಮಠದಲ್ಲಿರುವವರಿಗೆ ಅಲ್ಲ, ಮನೆ, ಸಂಸಾರ, ಕೆಲಸ ಇರುವ ಸಾಮಾನ್ಯ ಜನರಿಗೆ. ಮೊದಲು ರಾತ್ರಿ ಕಾಪಾಡಿದ್ದಕ್ಕೆ ದೇವರಿಗೆ ಕೃತಜ್ಞತೆ. ಆಮೇಲೆ ಈ ದಿನ ಮತ್ತೆ ಸಿಕ್ಕಿದ್ದು ಯಾಕೆ ಎಂಬ ಯೋಚನೆ. ಮೂರನೆಯದು ಮುಖ್ಯ: ಇವತ್ತು ಯಾವ ಕೆಲಸ, ಯಾವ ಮಾತುಕತೆ, ಯಾವ ಸಂದರ್ಭ ಎದುರಾಗಬಹುದು, ದೇವರ ಮನಸ್ಸು ನೋಯಿಸುವ ಶೋಧನೆ ಎಲ್ಲಿ ಬರಬಹುದು ಎಂದು ಮುಂಚೆಯೇ ನೋಡಿಕೊಳ್ಳುವುದು. ಅವರು ಕೊಡುವ ಉದಾಹರಣೆಯೂ ಇದೆ. ಇವತ್ತು ಮುಂಗೋಪಿಯೊಬ್ಬರ ಜೊತೆ ವ್ಯವಹಾರ ಇದೆ ಅಂತಿಟ್ಟುಕೊಳ್ಳಿ. ಸಿಟ್ಟಾಗಬಾರದು ಎಂದು ನಿರ್ಧಾರ ಮಾಡಿದರೆ ಸಾಲದು, ಅವರಿಗೆ ಹೇಳುವ ಮೃದು ಮಾತುಗಳನ್ನೂ ಈಗಲೇ ಸಿದ್ಧ ಮಾಡಿಕೊಳ್ಳಿ, ಬೇಕಾದರೆ ಅವರನ್ನು ಸಮಾಧಾನ ಮಾಡಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಅನ್ನುತ್ತಾರೆ. ಕೊನೆಗೆ, ಇದು ನನ್ನ ಕೈಲಾಗದು ಎಂದು ಒಪ್ಪಿಕೊಂಡು ಆ ನಿರ್ಧಾರವನ್ನೇ ದೇವರ ಕೈಗೆ ಕೊಡುವುದು.

ಇದನ್ನು ನಮ್ಮ ಮನೆಗೆ ತಂದು ನೋಡೋಣ. ಇವತ್ತು ಸಂಜೆ ಅಣ್ಣ ಆಸ್ತಿ ಪಾಲಿನ ವಿಷಯ ಮಾತಾಡಲು ಬರುತ್ತಾನೆ. ಸಾಮಾನ್ಯವಾಗಿ ನಾವು "ಕರ್ತನೇ, ಈ ದಿನವನ್ನು ಆಶೀರ್ವದಿಸು, ಎಲ್ಲ ಕೆಡುಕಿನಿಂದ ತಪ್ಪಿಸು" ಎಂದು ಪ್ರಾರ್ಥಿಸಿ ಎದ್ದುಬಿಡುತ್ತೇವೆ. ಅದರಲ್ಲಿ ಅಣ್ಣನ ಹೆಸರೇ ಇಲ್ಲ. ಅದರ ಬದಲು ಆ ಸಂಜೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಹಾಲ್‌ನಲ್ಲಿ ಯಾರು ಎಲ್ಲಿ ಕೂತಿರುತ್ತಾರೆ, ಅವನು ಮೊದಲು ಏನು ಹೇಳುತ್ತಾನೆ, ಯಾವ ಮಾತಿಗೆ ನನಗೆ ಉರಿದುಬೀಳುತ್ತದೆ. ಅಪ್ಪನ ಆಸ್ಪತ್ರೆ ಖರ್ಚಿನ ಮಾತು ಬಂದಾಗ, ಅಲ್ವಾ? ಹಾಗಾದರೆ ಪ್ರಾರ್ಥನೆ ಹೀಗಾಗುತ್ತದೆ: "ಯೇಸುವೇ, ಅಣ್ಣ ಅಪ್ಪನ ಖರ್ಚಿನ ಮಾತೆತ್ತಿದಾಗ ನನ್ನ ನಾಲಿಗೆ ಹಿಡಿ. ಅವನಿಗೂ ಸಾಲ ಇದೆ ಅಂತ ನೆನಪಿಸು. ಚಹಾ ಕೊಟ್ಟು ಊಟಕ್ಕೆ ಇರು ಅಂತ ಹೇಳುವ ಮನಸ್ಸು ಕೊಡು." ಎರಡು ನಿಮಿಷದ ಪ್ರಾರ್ಥನೆ. ಆದರೆ ಸಂಜೆ ಆ ಮಾತು ಬಂದಾಗ ನೀವು ಅಲ್ಲಿಗೆ ಮೊದಲ ಸಲ ಹೋಗುತ್ತಿರುವುದಿಲ್ಲ. ಬೆಳಿಗ್ಗೆಯೇ ದೇವರ ಜೊತೆ ಅಲ್ಲಿಗೆ ಹೋಗಿ ಬಂದಿರುತ್ತೀರಿ.

ಉಳಿದ ನಿಮಿಷಗಳಲ್ಲಿ ಒಂದು ಚಿಕ್ಕ ಓದು ಮತ್ತು ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಇರಲಿ. "ಶೋಧನೆಯೊಳಗೆ ಸೇರಿಸದೆ" ಅನ್ನುವ ಸಾಲು ಬಂದಾಗ ನಿಲ್ಲಿಸಿ. ಇವತ್ತಿನ ಆ ಒಂದು ಜಾಗವನ್ನು ಅಲ್ಲಿ ಹೆಸರಿಟ್ಟು ಹೇಳಿ. ಕ್ಯಾಥೊಲಿಕರಿಗೆ, ಯೇಸುಸಭೆಯನ್ನು (ಜೆಸ್ಯೂಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ಪದ್ಧತಿಯೂ ನೆರವಾಗುತ್ತದೆ. ಒಂದೇ ಒಂದು ದೋಷವನ್ನು ಆರಿಸಿಕೊಂಡು, ಎದ್ದ ಕೂಡಲೇ ಅದರ ಬಗ್ಗೆ ಎಚ್ಚರ ವಹಿಸುವ ನಿರ್ಧಾರ ಮಾಡುವುದು, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ನೋಡಿಕೊಳ್ಳುವುದು. ಎಡವಿದ ಕೂಡಲೇ ಎದೆಯ ಮೇಲೆ ಕೈ ಇಟ್ಟು ದುಃಖಪಡಿ ಅನ್ನುತ್ತಾರೆ ಅವರು. ನಾಲ್ಕು ಜನರ ಮಧ್ಯೆ ಇದ್ದರೂ ಯಾರಿಗೂ ತಿಳಿಯದ ಹಾಗೆ ಮಾಡಬಹುದು.

ಕಣ್ಣು ಮುಚ್ಚಿದ ಕೂಡಲೇ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಇದಕ್ಕೆ ಪರಿಹಾರ?

ಜರ್ಮನಿಯ ವಿಟ್ಟೆನ್‌ಬರ್ಗಿನ ಕ್ಷೌರಿಕ ಪೀಟರ್ ಇದನ್ನೇ ಸಭಾಸುಧಾರಕ ಮಾರ್ಟಿನ್ ಲೂಥರ್ ಹತ್ತಿರ ಕೇಳಿದ್ದ, ಪ್ರಾರ್ಥನೆ ಹೇಗೆ ಮಾಡಬೇಕು ಅಂತ. 1535ರಲ್ಲಿ ಲೂಥರ್ ಅವನಿಗೊಂದು ಚಿಕ್ಕ ಪುಸ್ತಕವನ್ನೇ ಬರೆದುಕೊಟ್ಟರು. ಒಳ್ಳೆಯ ಕ್ಷೌರಿಕ ಕಣ್ಣು, ಮನಸ್ಸು ಎರಡನ್ನೂ ಕತ್ತಿಯ ಮೇಲೇ ಇಟ್ಟಿರಬೇಕು, ಹರಟೆ ಹೊಡೆಯುತ್ತ ಎಲ್ಲೋ ನೋಡುತ್ತಿದ್ದರೆ ಗಿರಾಕಿಯ ಮೂಗನ್ನೋ ಕತ್ತನ್ನೋ ಕೊಯ್ದಾನು, ಪ್ರಾರ್ಥನೆಯೂ ಹಾಗೆ ಅಂದರು. ಕೇಳಿದವನ ಕೈಯಲ್ಲೇ ದಿನವೂ ಇದ್ದ ವಸ್ತು ಅದು. ಅವನಿಗೆ ಮರೆತಿರಲಿಕ್ಕಿಲ್ಲ.

ಅದೇ ಪುಸ್ತಕದಲ್ಲಿ ಲೂಥರ್ ಇನ್ನೊಂದು ಎಚ್ಚರಿಕೆ ಕೊಡುತ್ತಾರೆ. ಬೆಳಿಗ್ಗೆ ಮೊದಲ ಕೆಲಸ ಪ್ರಾರ್ಥನೆಯೇ ಆಗಿರಲಿ. "ಒಂದು ಗಂಟೆ ಬಿಟ್ಟು ಮಾಡುತ್ತೇನೆ, ಮೊದಲು ಈ ಕೆಲಸ ಮುಗಿಸಿಬಿಡುತ್ತೇನೆ" ಅನ್ನುವ ಯೋಚನೆಯನ್ನು ನಂಬಬೇಡಿ, ಒಂದರ ಹಿಂದೆ ಒಂದು ಕೆಲಸ ಬಂದು ಆ ದಿನದ ಪ್ರಾರ್ಥನೆಯೇ ಹೋಗಿಬಿಡುತ್ತದೆ. ಸುಮಾರು 500 ವರ್ಷ ಹಿಂದಿನ ಮಾತು, ಇವತ್ತು ಬೆಳಿಗ್ಗೆಯದ್ದೇ ಅನ್ನಿಸುತ್ತದೆ.

ಕೈಗೆ ಸಿಗುವ ಉಪಾಯವೂ ಅವರು ಕೊಟ್ಟಿದ್ದಾರೆ. ದಶಾಜ್ಞೆಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಇದು ನನಗೆ ಏನು ಕಲಿಸುತ್ತದೆ, ಇದರಲ್ಲಿ ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಏನನ್ನು ಅರಿಕೆ ಮಾಡಬೇಕು, ಏನು ಬೇಡಬೇಕು ಎಂದು ನಾಲ್ಕು ಸಲ ಅದನ್ನೇ ತಿರುವಿ ನೋಡಿ. ಮನಸ್ಸಿಗೆ ಹಿಡಿಯಲು ಒಂದು ಗಟ್ಟಿ ವಸ್ತು ಸಿಗುತ್ತದೆ. ಹೀಗೆ ಮಾಡಿದರೂ ಓಡಿದರೆ? ಓಡಿದ ಜಾಗ ಯಾವುದು ನೋಡಿ. ದಿನವೂ ಅದೇ ಬಾಕಿ ಸಾಲದ ಕಡೆ, ಅದೇ ವ್ಯಕ್ತಿಯ ಕಡೆ ಓಡುತ್ತಿದ್ದರೆ, ನೀವು ಪ್ರಾರ್ಥಿಸಬೇಕಾದ ವಿಷಯವೂ ಅದೇ.

ಅಲಾರಂ ಮೊಬೈಲ್‌ನಲ್ಲೇ ಇದೆ. ಬೈಬಲ್ ಕೂಡ ಮೊಬೈಲ್‌ನಲ್ಲೇ. ತೆಗೆದರೆ ಅರ್ಧ ಗಂಟೆ ಹೋಗುತ್ತದೆ.

ಒಂದು ಚಿಕ್ಕ ಗಡಿಯಾರ ತಂದು ಅದರಲ್ಲಿ ಅಲಾರಂ ಇಡಿ. ಮೊಬೈಲನ್ನು ರಾತ್ರಿ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅಚ್ಚಾದ ಬೈಬಲ್ ಒಂದನ್ನು ಕೂರುವ ಜಾಗದಲ್ಲೇ ಇಡಿ. ಇದನ್ನು ಭಕ್ತಿಗೆ ಸಂಬಂಧವಿಲ್ಲದ ಸಣ್ಣ ವಿಷಯ ಅಂತ ಬಿಟ್ಟುಬಿಡಬೇಡಿ. ಬಾಗಿಲು ಕಾಯುವವನ ಕೆಲಸವೇ ಇದು, ಬೆಳಗ್ಗೆ ಮೊದಲು ಒಳಗೆ ಬರುವುದು ಯಾರು ಅಂತ ನೋಡಿಕೊಳ್ಳುವುದು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಚನದ ಚಿತ್ರವನ್ನು ಹತ್ತು ಗುಂಪಿಗೆ ಕಳುಹಿಸುವುದು ಒಳ್ಳೆಯ ಮನಸ್ಸಿನಿಂದಲೇ ಆಗಿರಬಹುದು. ಆದರೆ ಕಳುಹಿಸುವ ಮೊದಲು ಆ ವಚನದ ಮುಂದೆ ನೀವೇ ಒಂದು ನಿಮಿಷ ಕೂತುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಕೆಟ್ಟ ಯೋಚನೆ ಬರುವುದೇ ಪಾಪವಾ?

ಬರುವುದು ಪಾಪವಲ್ಲ. ಯಾಕೋಬನ ಪತ್ರಿಕೆ 1:14-15ರಲ್ಲಿ ಮೆಟ್ಟಿಲುಗಳು ಕಾಣುತ್ತವೆ. ಆಶೆ ಸೆಳೆಯುತ್ತದೆ, ಆಮೇಲೆ ಬಸುರಾಗುತ್ತದೆ, ಆಮೇಲೆ ಪಾಪವನ್ನು ಹೆರುತ್ತದೆ. ಎಚ್ಚರದ ಕೆಲಸ ಮೊದಲ ಮೆಟ್ಟಿಲಿನಲ್ಲಿ. ಅಲ್ಲಿ ಸುಲಭ. ಮೇಲೆ ಹೋದಷ್ಟೂ ಕಷ್ಟ.

ಈಜಿಪ್ಟಿನ ಮರುಭೂಮಿಯಲ್ಲಿದ್ದ ತಪಸ್ವಿಗಳು ಇದನ್ನು ಬಹಳ ಹತ್ತಿರದಿಂದ ನೋಡಿದರು. ಅವರಲ್ಲಿ 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಟು ಯೋಚನೆಗಳ ಪಟ್ಟಿ ಮಾಡಿದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಬೇಸರ, ಹೊಗಳಿಕೆಯ ಹಂಬಲ, ಗರ್ವ. ಪಟ್ಟಿಗೆ ನಿಲ್ಲಿಸಲಿಲ್ಲ. ಒಂದೊಂದು ಯೋಚನೆ ಬಂದಾಗ ಎದುರಿಗೆ ಹೇಳಬೇಕಾದ ಬೈಬಲ್ ವಚನಗಳನ್ನು ಆರಿಸಿ ಬರೆದಿಟ್ಟರು, ಒಟ್ಟು ನಾನೂರಕ್ಕೂ ಜಾಸ್ತಿ. ಇದನ್ನು ಅವರು ಕಲಿತದ್ದು ಯೇಸುವಿನಿಂದಲೇ. ಅಡವಿಯಲ್ಲಿ ಸೈತಾನ ಮೂರು ಸಲ ಶೋಧಿಸಿದಾಗ ಯೇಸು ವಾದಕ್ಕೆ ಇಳಿಯಲಿಲ್ಲ. ಮೂರು ಸಲವೂ ಧರ್ಮೋಪದೇಶಕಾಂಡದ ವಚನ ಹೇಳಿ ಮುಗಿಸಿದರು.

ನಮಗೆ ನಾನೂರು ಬೇಡ, ಒಂದು ಸಾಕು. ಜಾನ್ ಕ್ಯಾಸಿಯನ್ ಎಂಬುವರು ಆ ಮರುಭೂಮಿಯಿಂದ ಒಂದು ವಚನವನ್ನು ಯೂರೋಪಿಗೆ ತಂದರು, ಕೀರ್ತನೆ 70:1. ದೇವರೇ, ನನ್ನನ್ನು ಬಿಡಿಸು, ಬೇಗ ಸಹಾಯಕ್ಕೆ ಬಾ. ಸಿಟ್ಟಲ್ಲೂ, ಆಸೆಯಲ್ಲೂ, ನಿದ್ದೆ ಬಾರದ ರಾತ್ರಿಯಲ್ಲೂ, ಎಲ್ಲ ಚೆನ್ನಾಗಿದ್ದು ಗರ್ವ ಬಂದಾಗಲೂ ಅದನ್ನೇ ಹೇಳಿ ಅಂದರು. ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಮಠಗಳಲ್ಲಿ ಪ್ರಾರ್ಥನೆಯ ಹೊತ್ತುಗಳು ಇದರಿಂದಲೇ ಶುರುವಾದವು. ಇವತ್ತಿಗೂ ಕ್ಯಾಥೊಲಿಕ್ ಗುರುಗಳು, ಸಿಸ್ಟರ್‌ಗಳು ಹೇಳುವ ಹಗಲಿನ ಪ್ರಾರ್ಥನೆಗಳು ಇದೇ ವಚನದಿಂದ ಆರಂಭವಾಗುತ್ತವೆ. ಬಸ್ಸಿನಲ್ಲಿ ನಿಂತು ಹೇಳಬಹುದು. ಲಿಫ್ಟ್‌ನಲ್ಲಿ ಮೇಲೆ ಹೋಗುವಷ್ಟರಲ್ಲಿ ಮುಗಿಯುತ್ತದೆ.

ಬಾಯಿಪಾಠದ ಪ್ರಾರ್ಥನೆ ಹೇಳುವುದು ಸರಿಯಾ? ಸ್ವಂತ ಮಾತಿನಲ್ಲೇ ಮಾಡಬೇಕಾ?

ಎರಡೂ ಸರಿ. ಗೆತ್ಸೇಮನೆಯಲ್ಲಿ ಯೇಸು ಮೂರನೇ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ಶಿಲುಬೆಯ ಮೇಲೆ ಬಾಯಿಗೆ ಬಂದದ್ದು 22ನೇ ಕೀರ್ತನೆ, 31ನೇ ಕೀರ್ತನೆ. ಸಂಕಟ ತೀರಾ ದೊಡ್ಡದಾದಾಗ ಸ್ವಂತ ಮಾತು ಹೊರಡುವುದಿಲ್ಲ. ಆಗ ಬಾಯಿಪಾಠವೇ ಕೈ ಹಿಡಿಯುತ್ತದೆ. ಆದಿ ಸಭೆಯವರು ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳುವ ರೂಢಿ ಇಟ್ಟುಕೊಂಡಿದ್ದರು. ಯೇಸು ಬೇಡ ಅಂದದ್ದು ಮನಸ್ಸಿಲ್ಲದ ವ್ಯರ್ಥ ಮಾತುಗಳನ್ನು. ಅದು ಸ್ವಂತ ಮಾತಿನ ಪ್ರಾರ್ಥನೆಯಲ್ಲೂ ಬೇಕಾದಷ್ಟು ನುಸುಳುತ್ತದೆ.

ಎಷ್ಟೋ ದಿನದಿಂದ ಮಾಡುತ್ತಿದ್ದೇನೆ. ಏನೂ ಅನ್ನಿಸುವುದಿಲ್ಲ. ಸುಮ್ನೆ ಕೂತು ಎದ್ದ ಹಾಗಿದೆ. ಬಿಟ್ಟುಬಿಡಲಾ?

ಬಿಡಬೇಡಿ. ಈ ಬೇಸರವನ್ನು ಇವಾಗ್ರಿಯಸ್ ಎಷ್ಟು ಚೆನ್ನಾಗಿ ಗುರುತಿಸಿದ್ದರು ಅಂದರೆ, ಅದು ಬರುವ ಹೊತ್ತನ್ನೂ ಹೇಳಿದ್ದಾರೆ. ಬೆಳಿಗ್ಗೆ ಸುಮಾರು ಹತ್ತರಿಂದ ಮಧ್ಯಾಹ್ನ ಎರಡರ ತನಕ. ಸೂರ್ಯ ಕದಲುವುದೇ ಇಲ್ಲ ಅನ್ನಿಸುತ್ತದೆ, ದಿನಕ್ಕೆ 50 ಗಂಟೆ ಇದ್ದಂತೆ ಕಾಣುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ಕಡೆ ನೋಡುತ್ತಾನೆ, ಯಾರಾದರೂ ಬರುತ್ತಾರಾ ಅಂತ ಹೊರಗೆ ಬರುತ್ತಾನೆ, ಈ ಜಾಗವೇ ಸರಿಯಿಲ್ಲ ಅಂದುಕೊಳ್ಳುತ್ತಾನೆ.

ಅವರಿಗಿಂತ ಮುಂಚಿನ ಅಂತೋನಿಯವರ ಕಥೆಯೊಂದಿದೆ. 356ರಲ್ಲಿ ತೀರಿಕೊಂಡ, ಮರುಭೂಮಿಯ ಸನ್ಯಾಸಿಗಳಿಗೆಲ್ಲ ತಂದೆ ಎನ್ನಿಸಿಕೊಂಡ ಅಂತೋನಿ. ಅವರಿಗೂ ಒಮ್ಮೆ ಈ ಬೇಸರ ಕವಿಯಿತು. ರಕ್ಷಣೆ ಹೊಂದಬೇಕೆಂದಿದ್ದೇನೆ ಸ್ವಾಮಿ, ಈ ಯೋಚನೆಗಳು ಬಿಡುತ್ತಿಲ್ಲ, ಏನು ಮಾಡಲಿ ಎಂದು ಕೇಳಿದರು. ಹೊರಗೆ ಬಂದು ನೋಡಿದರೆ ತನ್ನಂತೆಯೇ ಇರುವ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸುತ್ತಾನೆ. ಮತ್ತೆ ಕೂತು ಹೆಣೆಯುತ್ತಾನೆ. ಮತ್ತೆ ಎದ್ದು ಪ್ರಾರ್ಥಿಸುತ್ತಾನೆ. ಅವನು ದೇವದೂತ. ಹೀಗೇ ಮಾಡು, ರಕ್ಷಣೆ ಹೊಂದುತ್ತೀ ಎಂಬ ಮಾತು ಕೇಳಿಸಿತು.

ಆ ದೇವದೂತ ಅಂತೋನಿಯ ಬೇಸರವನ್ನು ತೆಗೆದುಹಾಕಲಿಲ್ಲ, ಕೆಲಸ ತೋರಿಸಿದ. ಏನೂ ಅನ್ನಿಸದ ದಿನವೂ ಕೂತವರು ದೇವರಿಗಾಗಿಯೇ ಕೂತಿರುತ್ತಾರೆ. ಅನುಭವಕ್ಕಾಗಿ ಕೂತಿರಲು ಅಲ್ಲಿ ಅನುಭವವೇ ಇಲ್ಲವಲ್ಲ. ಅಂಥ ದಿನಗಳನ್ನು ನಾನು ತುಂಬಾ ಗೌರವಿಸುತ್ತೇನೆ.

ಭಾನುವಾರ ಚೆನ್ನಾಗಿ ಪ್ರಾರ್ಥಿಸಿದರೆ ವಾರಕ್ಕೆಲ್ಲ ಸಾಕಾಗುವುದಿಲ್ಲವಾ?

ವಿಮೋಚನಕಾಂಡ 16 ಓದಿ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನ; ಅದನ್ನು ದಿನದಿನವೂ ಬೆಳಿಗ್ಗೆ ಕೂಡಿಸಬೇಕಿತ್ತು. ನಾಳೆಗೆ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಬಿಸಿಲೇರಿದರೆ ನೆಲದಲ್ಲಿದ್ದದ್ದು ಕರಗಿಹೋಗುತ್ತಿತ್ತು. ಸಬ್ಬತ್ತಿಗೆ ಮಾತ್ರ ಹಿಂದಿನ ದಿನವೇ ಎರಡು ಪಾಲು.

ಎಚ್ಚರವಾಗಿರಲು ಹೋಗಿ ನನಗೆ ಹೆದರಿಕೆ ಜಾಸ್ತಿಯಾಗಿದೆ. ಎಲ್ಲದರಲ್ಲೂ ಪಾಪವೇ ಕಾಣುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್ಚರ ನಿಜವಾದ ದಾರಿಯಲ್ಲಿದ್ದರೆ ಅದರ ಜೊತೆ ಸಮಾಧಾನ ಇರುತ್ತದೆ. ಕೊಲೊಸ್ಸೆಯವರಿಗೆ 4:2ರಲ್ಲಿ ಪೌಲನು ಪ್ರಾರ್ಥನೆಯಲ್ಲಿ ಎಚ್ಚರವಾಗಿರಿ ಎಂದು ಹೇಳುವಾಗ ಅದೇ ವಾಕ್ಯದಲ್ಲಿ ಕೃತಜ್ಞತೆಯನ್ನೂ ಸೇರಿಸುತ್ತಾನೆ. ಆದ್ದರಿಂದ ತಪ್ಪು ಹುಡುಕುವ ಮೊದಲು ಮೂರು ಉಪಕಾರಗಳನ್ನು ನೆನೆಯಿರಿ. ಒಂದೇ ದೋಷವನ್ನು ನೋಡಿ, ಎಲ್ಲವನ್ನೂ ಒಟ್ಟಿಗೆ ನೋಡಬೇಡಿ. ಒಮ್ಮೆ ಅರಿಕೆ ಮಾಡಿದ ಪಾಪವನ್ನು ಮತ್ತೆ ಮತ್ತೆ ತೆಗೆಯಬೇಡಿ.

ಇಷ್ಟಾದರೂ ಹೆದರಿಕೆ ಬಿಡದಿದ್ದರೆ, ಒಂದೇ ಪ್ರಾರ್ಥನೆಯನ್ನು ಸರಿಯಾಗಲಿಲ್ಲ ಅಂತ ಹತ್ತಾರು ಸಲ ಹೇಳುವಂತಾಗಿದ್ದರೆ, ನಿಮ್ಮ ಪಾಸ್ಟರ್ ಅಥವಾ ಗುರುಗಳ ಹತ್ತಿರ ಹೇಳಿ. ಮನಸ್ಸಿನ ವೈದ್ಯರನ್ನೂ ನೋಡಿ. ವೈದ್ಯರ ಹತ್ತಿರ ಹೋಗುವುದು ಅಪನಂಬಿಕೆ ಅಲ್ಲವೇ ಅಲ್ಲ.

ಇನ್ನೊಂದು ಕಡೆಗೂ ಇದು ತಿರುಗುತ್ತದೆ. ಕೆಲವರ ಎಚ್ಚರವೆಲ್ಲ ಪಕ್ಕದವರ ಮೇಲೆ. ಸೊಸೆ ಪ್ರಾರ್ಥನೆಗೆ ಎದ್ದಳಾ, ಸಭೆಯಲ್ಲಿ ಯಾರು ಯಾರ ಜೊತೆ ಮಾತಾಡಿದರು. ಕಾಯಬೇಕಾದ ಬಾಗಿಲು ನಮ್ಮ ಹೃದಯದ್ದು. ಜ್ಞಾನೋಕ್ತಿ 4:23 ಹೇಳುವುದೂ ಅದನ್ನೇ.

ಅದೇ ಪಾಪದಲ್ಲಿ ಮತ್ತೆ ಬಿದ್ದೆ. ಬೆಳಿಗ್ಗೆ ಯಾವ ಮುಖ ಹೊತ್ತುಕೊಂಡು ಪ್ರಾರ್ಥಿಸಲಿ?

ಪೇತ್ರನ ಮುಖ ಹೊತ್ತುಕೊಂಡು. ಅವನು ಯೇಸುವನ್ನು ಅಲ್ಲಗಳೆದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ. ಯೋಹಾನ 18:18ರಲ್ಲಿ ಆ ಬೆಂಕಿಯ ಮಾತು ಇದೆ. ಮೂರು ಅಧ್ಯಾಯ ಮುಂದೆ ಹೋದರೆ ತಿಬೇರಿಯ ಸಮುದ್ರದ ದಡ. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಕ್ಕಿಲ್ಲ. ಬೆಳಗಾಗುವಾಗ ದಡದಲ್ಲಿ ಯೇಸು ನಿಂತಿದ್ದಾರೆ. ಅಲ್ಲಿ ಮತ್ತೆ ಇದ್ದಲಿನ ಬೆಂಕಿ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅನ್ನುತ್ತಾರೆ. ಪ್ರಶ್ನೆ ಕೇಳಿದ್ದು ಊಟ ಆದ ಮೇಲೆ. ಮೂರು ಸಲ ಕೇಳಿದ್ದೂ "ನನ್ನನ್ನು ಪ್ರೀತಿಸುತ್ತೀಯಾ" ಎಂದೇ. ಯಾಕೆ ಬಿದ್ದೆ ಅಂತ ಒಂದು ಸಲವೂ ಕೇಳಲಿಲ್ಲ.

ಆಮೇಲೆ "ಸ್ವಸ್ಥಚಿತ್ತರಾಗಿರಿ, ಎಚ್ಚರವಾಗಿರಿ" ಎಂದು ಸಭೆಗಳಿಗೆ ಬರೆದದ್ದು ಯಾರು ಅಂದುಕೊಂಡಿರಿ? 1 ಪೇತ್ರ 5:8. ತೋಟದಲ್ಲಿ ನಿದ್ದೆಹೋದವನೇ. ಸೈತಾನ ಗರ್ಜಿಸುವ ಸಿಂಹದಂತೆ ತಿರುಗುತ್ತಾನೆ ಅಂತ ಅವನು ಹೇಳುವುದು ಅನುಭವದಿಂದ. ನಿಮ್ಮ ಸೋಲು ಗೊತ್ತಿರುವ ಜಾಗ ಈಗ. ನಾಳೆ ಬೆಳಿಗ್ಗೆ ಅಲ್ಲಿಂದಲೇ ಪ್ರಾರ್ಥನೆ ಶುರುಮಾಡಿ.

ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಬೆಳಿಗ್ಗೆ ಐದು ನಿಮಿಷವೂ ಸಿಗುವುದಿಲ್ಲ.

ಮೊದಲ ಉತ್ತರ ನಿಮ್ಮ ಗಂಡನಿಗೆ. ಬೆಳಿಗ್ಗೆ ಹತ್ತು ನಿಮಿಷ ಮಕ್ಕಳನ್ನು ನೋಡಿಕೊಂಡು ಹೆಂಡತಿಯನ್ನು ಪ್ರಾರ್ಥನೆಗೆ ಬಿಡುವುದು ಗಂಡನ ಭಕ್ತಿಯ ಭಾಗ. ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಅದೂ ಆಗದ ದಿನ ಹಾಲು ಕಾಯುವಷ್ಟು ಹೊತ್ತು ಒಲೆಯ ಮುಂದೆ ನಿಂತು ಕರ್ತನ ಪ್ರಾರ್ಥನೆ ಹೇಳಿ. ಇವತ್ತು ಯಾವ ಗಳಿಗೆಯಲ್ಲಿ ಮಕ್ಕಳ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತದೋ ಅದನ್ನು ಹೆಸರಿಟ್ಟು ದೇವರಿಗೆ ಕೊಡಿ. ಸಾಮಾನ್ಯವಾಗಿ ಅದು ಸ್ಕೂಲ್ ವ್ಯಾನ್ ಬರುವ ಮುಂಚಿನ ಹತ್ತು ನಿಮಿಷ.

ಮನೆಯವರೆಲ್ಲ ಒಟ್ಟಿಗೆ ಪ್ರಾರ್ಥಿಸಿದರೆ ಒಬ್ಬರೇ ಮಾಡುವುದು ಬೇಕಾ?

ಎರಡೂ ಬೇಕು. ನಮ್ಮಲ್ಲಿ ಒಟ್ಟಿಗೆ ಕೂರುವುದು ಹೆಚ್ಚಾಗಿ ಸಂಜೆ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ), ಬೇರೆ ಸಭೆಯವರಲ್ಲಿ ಕುಟುಂಬ ಪ್ರಾರ್ಥನೆ. ಅದನ್ನು ಹಾಗೇ ಉಳಿಸಿಕೊಳ್ಳಿ. ಆದರೆ ಅಣ್ಣನ ಮೇಲಿನ ಸಿಟ್ಟನ್ನು ಎಲ್ಲರ ಮುಂದೆ ಹೇಳಲಾಗುವುದಿಲ್ಲ. ಅದಕ್ಕೆ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು, ಮತ್ತಾಯ 6:6ರಲ್ಲಿ ಹೇಳಿದ ಹಾಗೆ.

ನಾಳೆಯಿಂದ ಶುರುಮಾಡುತ್ತೇನೆ. ಏನು ಓದಲಿ?

ಕೀರ್ತನೆ 5ರಿಂದ ಶುರುಮಾಡಿ. ಅದಾದ ಮೇಲೆ 63, 90, 143, 130. ರಾತ್ರಿಗೆ 4ನೇ ಕೀರ್ತನೆ. ಒಂದು ಕೀರ್ತನೆಯಲ್ಲೇ ಒಂದು ವಾರ ಇದ್ದರೂ ನಷ್ಟವಿಲ್ಲ. ಆಮೇಲೆ ಮಾರ್ಕನ ಸುವಾರ್ತೆ, ದಿನಕ್ಕೆ ಒಂದು ಚಿಕ್ಕ ಭಾಗ. ಜೋರಾಗಿ ಓದಿ, ಕಿವಿಗೂ ಬೀಳಲಿ. ಮುಂದಿನ ಒಂದು ತಿಂಗಳಿಗೆ ಎಚ್ಚರ ವಹಿಸಬೇಕಾದ ಒಂದೇ ಒಂದು ವಿಷಯವನ್ನು ಇವತ್ತು ರಾತ್ರಿಯೇ ಚೀಟಿಯಲ್ಲಿ ಬರೆದು, ಬೈಬಲ್ಲಿನ ಅದೇ ಪುಟದಲ್ಲಿ ಇಟ್ಟು ಮಲಗಿ.